ಸೂಜಿ ಹಾಕಿಸಿದ ಮೇಲೆ ಕೂಸಿಗೆ ಭೇದಿ ಆಗ್ತಿದೆ, ಎದೆಹಾಲು ನಿಲ್ಲಿಸಬೇಕಾ?

ತಂಗಿ, ನಿಮ್ಮ ಪ್ರಶ್ನೆ ಓದಿದ ಕೂಡಲೇ ಎದೆ ಝಲ್ಲೆಂದಿತು. ಎರಡೂವರೆ ತಿಂಗಳ ಕೂಸು. ಹತ್ತು ವಾರದ ಸೂಜಿ ಹಾಕಿಸಿದ ಮಾರನೇ ದಿನದಿಂದ ತೆಳ್ಳಗೆ ಸಂಡಾಸ, ಕುಡಿದ ಹಾಲು ಕಕ್ಕುತ್ತದೆ. ಹಾಲು ಅರಗುತ್ತಿಲ್ಲ, ಬಿಡಿಸು ಅಂತಾರೆ ಅತ್ತೆ. ಮುಂದಿನ ಸೂಜಿ ಬೇಡವೇ ಬೇಡ ಅಂತಾರೆ ಮನೆಯವರು. ನಿಮ್ಮೂರು ಗಂಗಾವತಿ ಅನ್ನೋ ಕಡೆ ನಮ್ಮೂರು ಮಾನ್ವಿ ಅಂತ ಬರೆದರೆ ಇದು ನನ್ನದೇ ಕಥೆ.

ಮೊದಲೇ ಹೇಳಿಬಿಡ್ತೀನಿ. ಹಾಲು ಬಿಡಿಸಬೇಡಿ. ಒಂದು ಹೊತ್ತೂ ಬೇಡ.

ನನ್ನ ಮಗಳಿಗೆ ಆಗ ಒಂದೂವರೆ ತಿಂಗಳು. ಬಾಣಂತನಕ್ಕೆ ಮಾನ್ವಿ ಹತ್ತಿರದ ತವರಿನಲ್ಲಿದ್ದೆ. ಗುರುವಾರ ಅಂಗನವಾಡಿಯಲ್ಲಿ ಎಡ ತೊಡೆಗೊಂದು, ಬಲ ತೊಡೆಗೊಂದು, ಬಲ ತೋಳಿಗೆ ಸಣ್ಣದೊಂದು ಸೂಜಿ ಹಾಕಿದರು. ಬಾಯಿಗೆ ಪೋಲಿಯೋ ಹನಿ, ರೋಟಾ ಹನಿ. ರಾತ್ರಿ ಮೈ ಬಿಸಿಯಾಯಿತು, ಸಿಸ್ಟರ್ ಹೇಳಿದಷ್ಟೇ ಪ್ಯಾರಾಸಿಟಮಾಲ್ ಹಾಕಿದೆ, ಇಳಿಯಿತು. ಮರುದಿನ ಸಂಜೆಯಿಂದ ಕೂಸು ಹಳದಿ ನೀರಿನಂಥ ಸಂಡಾಸ ಮಾಡತೊಡಗಿತು. ಪಕ್ಕದ ಮನೆಯ ದೊಡ್ಡವ್ವ ಬಂದು ನೋಡಿ, "ಸೂಜಿ ಮಾಡ್ಸಿದ್ದಕ್ಕ ಹೊಟ್ಟಿ ಕೆಟ್ಟೈತಿ. ಮೊಲಿಹಾಲು ಅರಗವಲ್ದು. ಎರಡು ದಿನ ಬಿಡ್ಸು, ತಾನಾಗೇ ನಿಲ್ತೈತಿ" ಅಂದರು. ನಮ್ಮವ್ವನೂ ಹೌದು ಅಂದಳು. ನಾನು ಬಿಡಿಸಿದೆ.

ಆಮೇಲೆ ಏನೇನು ಮಾಡಿದೆ ಅನ್ನೋದನ್ನು ಒಂದೊಂದಾಗಿ ಹೇಳ್ತೀನಿ. ಯಾಕೆಂದರೆ ಆಗ ಅದೆಲ್ಲ ಸರಿಯಾಗೇ ಕಂಡಿತ್ತು. ಹಾಲು ಬಿಡಿಸುವಾಗ ಕೂಸು ನಗುತ್ತಿತ್ತು, ಕೈಕಾಲು ಆಡಿಸುತ್ತಿತ್ತು, ಉಚ್ಚೆ ಎಂದಿನಂತೆ ಹೊಯ್ಯುತ್ತಿತ್ತು. ಅಂದರೆ ಚೆನ್ನಾಗೇ ಇತ್ತು! ನಾನು ನೋಡಿದ್ದು ಬರೀ ಲಂಗೋಟಿ, ಕೂಸಿನ ಮುಖ ನೋಡಲಿಲ್ಲ. ಹಾಲಿನ ಬದಲು ಒಳಲೆಯಲ್ಲಿ ಗ್ಲೂಕೋಸ್ ಪುಡಿಯ ನೀರು ಹಾಕಿದೆ. ಗ್ಲೂಕೋಸ್ ಅಂದರೆ ಶಕ್ತಿ ಅಂತ ನಂಬಿದ್ದೆ. ಸಿಹಿ ಜಾಸ್ತಿ ಇರುವ ನೀರು ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದುಕೊಂಡು ಭೇದಿ ಹೆಚ್ಚು ಮಾಡುತ್ತದೆ, ಇದು ನನಗೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ. ಭೇದಿ ಜಾಸ್ತಿಯಾದಷ್ಟೂ ಸೂಜಿಯ ವಿಷ ಏರುತ್ತಿದೆ ಅಂದುಕೊಂಡೆ. ಗಂಜಿ ತಿಳಿ ಹಾಕಿದೆ. ಹಸಿವಿಗೆ ಕೂಸು ಕಿರುಚಿಕೊಂಡಾಗ ಪೇಟೆಯಿಂದ ಬಾಟಲಿ ತರಿಸಿ, ಎಮ್ಮೆ ಹಾಲಿಗೆ ನೀರು ಬೆರೆಸಿ ಕೊಟ್ಟೆ. ಅದು ಫಿಲ್ಟರ್ ನೀರು, ಊರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದು. ಫಿಲ್ಟರ್ ನೀರನ್ನು ಮತ್ತೆ ಯಾಕೆ ಕುದಿಸಬೇಕು ಅಂತ ಸುಮ್ಮನಿದ್ದೆ. ಬಾಟಲಿಯನ್ನು ಹಂಡೆ ನೀರಲ್ಲಿ ಅಲುಗಾಡಿಸಿ ಮತ್ತೆ ತುಂಬುತ್ತಿದ್ದೆ. ಇತ್ತ ನನ್ನ ಎದೆ ಬಿಗಿದು ತಡೆಯಲಾಗದ ನೋವು. ಕೂಸು ಒಳಗೆ ಹಸಿದು ಅಳುತ್ತಿತ್ತು, ನಾನು ಬಚ್ಚಲಲ್ಲಿ ಕೂತು ಹಾಲು ಹಿಂಡಿ ಚೆಲ್ಲುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಎರೆಯುವ ಮುಂಚೆ ಅವ್ವ ಕೂಸಿನ ನೆತ್ತಿಗೆ ಎಣ್ಣೆ ಬಿಟ್ಟಳು. ದಿನಾ ಆ ಎಣ್ಣೆ ಹಣೆಗೆ, ಕಿವಿಗೆ ಇಳಿಯುತ್ತಿತ್ತು. ಅವತ್ತು ಇಳಿಯಲಿಲ್ಲ. ನೆತ್ತಿ ಕುಳಿ ಬಿದ್ದು, ಎಣ್ಣೆ ಅಲ್ಲೇ ನಿಂತಿತ್ತು. ಅವ್ವ ಕೈ ತೆಗೆದಳು. ಕೂಸು ಅಳುತ್ತಿತ್ತು, ಕಣ್ಣಲ್ಲಿ ನೀರಿಲ್ಲ. ಹಿಂದಿನ ರಾತ್ರಿಯಿಂದ ಉಚ್ಚೆಯೂ ಹೊಯ್ದಿರಲಿಲ್ಲ.

ರಾಯಚೂರಿಗೆ ಒಯ್ದೆವು. ಕೈಯಲ್ಲಿ ನರ ಸಿಗಲಿಲ್ಲ, ತಲೆಗೆ ಹಾಕಿದರು ಡ್ರಿಪ್. ಸೂಜಿಯಿಂದ ಹೀಗಾಯಿತು ಅಂತ ನಾನು ಹೇಳುತ್ತಲೇ ಇದ್ದೆ. ಡಾಕ್ಟರ್ ಅದನ್ನು ಪೂರ್ತಿ ಕೇಳಿಸಿಕೊಂಡು, ಬಾಟಲಿ ಎಲ್ಲಿದೆ ಅಂದರು. ಚೀಲದಿಂದ ತೆಗೆದು ಕೊಟ್ಟೆ. ನಿಪ್ಪಲನ್ನು ಒಳಮೈ ಹೊರಗೆ ಮಾಡಿ ನನ್ನ ಮುಂದೆ ಹಿಡಿದರು. ಒಳಗೆ ಬೆಳ್ಳಗೆ ಜಿಗುಟು ಪದರ, ಹುಳಿ ವಾಸನೆ. ಮೊದಲಿನ ತೆಳು ಸಂಡಾಸ ಎರಡು ದಿನಕ್ಕೆ ತಾನೇ ನಿಲ್ಲುತ್ತಿತ್ತಮ್ಮ, ಈ ಭೇದಿ ಬಾಟಲಿಯದು ಅಂದರು. ಕೂಸು ಉಳಿಯಿತು. ಆದರೆ ನನ್ನ ಹಾಲು ಬತ್ತಿತ್ತು. ಎರಡೆರಡು ಗಂಟೆಗೊಮ್ಮೆ ಎದೆಗೆ ಹಾಕಿಕೊಂಡು, ರಾತ್ರಿಯೆಲ್ಲ ಕೂತು, ಅದನ್ನು ಮತ್ತೆ ಬರಿಸಿಕೊಳ್ಳಲು ಪಟ್ಟ ಪಾಡು ನನಗೇ ಗೊತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ ತಂಗಿ. 'ಸೂಜಿಯಿಂದ ಕೆಟ್ಟ ಹೊಟ್ಟೆ' ಅಂತ ತೀರ್ಮಾನ ಮಾಡಿಕೊಂಡೇ ಕೇಳಿದ್ದೀರಿ. ತೊಡೆಗೆ ಹಾಕುವ ಪೆಂಟಾದಿಂದ (ಐದು ರೋಗ ತಡೆಯುವ ಸೂಜಿ) ಜ್ವರ, ಬಾವು, ಒಂದೆರಡು ದಿನದ ರಂಪ ಬರುತ್ತದೆ. ಹೊಟ್ಟೆಗೆ ಸಂಬಂಧ ಇರೋದು ಬಾಯಿಗೆ ಹಾಕುವ ರೋಟಾಕ್ಕೆ. ಅದರಲ್ಲಿ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುತ್ತದೆ, ಅದರಿಂದ ಕೆಲವು ಕೂಸುಗಳಿಗೆ ಒಂದೆರಡು ದಿನ ತೆಳ್ಳಗೆ ಆಗಬಹುದು, ಕಕ್ಕಬಹುದು. ಅಷ್ಟೇ. ಅದನ್ನು ಹಾಕೋದೇ ರೋಟಾ ವೈರಸ್‌ನ ಜೋರು ಭೇದಿ ತಡೆಯೋದಕ್ಕೆ. 2016ರಲ್ಲಿ ಪಕ್ಕದ ಆಂಧ್ರವೂ ಸೇರಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ 2019ರಲ್ಲಿ ನಮ್ಮಲ್ಲಿಗೂ ಬಂತು. ಇನ್ನು ಹಾಲು ಕುಡಿದು ಒಂದು ಗುಟುಕು ಕಕ್ಕೋದು, ದಿನಕ್ಕೆ ಏಳೆಂಟು ಸಲ ಮೆತ್ತಗೆ ಹೋಗೋದು, ಇಲ್ಲಾ ನಾಲ್ಕು ದಿನ ಹೋಗದೇ ಇರೋದು, ಎದೆಹಾಲಿನ ಕೂಸಿಗೆ ಇದೆಲ್ಲ ಸಹಜ.

ಕೂಸಿಗೆ ಮೇಲಿನ ನೀರು, ಮೇಲಿನ ಹಾಲು ಏನಾದರೂ ಶುರುವಾಗಿದೆಯಾ? ಮೊದಲು ಅದನ್ನು ನೋಡಿ. ನಮ್ಮ ಕಡೆ ನೀರನ್ನು ನಂಬುವ ಹಾಗಿಲ್ಲ. 2022ರಲ್ಲಿ ರಾಯಚೂರು ನಗರದಲ್ಲೇ ನಲ್ಲಿ ನೀರು ಕುಡಿದು ದೊಡ್ಡವರೇ ಸತ್ತರು. ಆರು ತಿಂಗಳವರೆಗೆ ಕೂಸಿಗೆ, ಭೇದಿಗೆ ಕೊಡುವ ಓಆರ್‌ಎಸ್ ಒಂದನ್ನು ಬಿಟ್ಟರೆ, ನೀರೇ ಬೇಡ, ಎಂಥ ಬಿಸಿಲಿದ್ದರೂ ಬೇಡ. ಎದೆಹಾಲಲ್ಲೇ ಸಾಕಷ್ಟು ನೀರಿದೆ. ಗ್ರೈಪ್ ವಾಟರ್, ಜೇನುತುಪ್ಪ, ತೇದ ಬಜೆ, ಹರಳೆಣ್ಣೆ, ಯಾವುದೂ ಬೇಡ. ಹೊಟ್ಟೆ ಉಬ್ಬಿದೆ ಅಂತ ಬರೆ ಹಾಕಲು ಯಾರಾದರೂ ಬಂದರೆ ಬಾಗಿಲಲ್ಲೇ ತಡೆಯಿರಿ. ಹಿರಿಯರು ಬೇಜಾರಾದರೆ ಆಗಲಿ.

ಭೇದಿ ಆಗ್ತಿರುವಷ್ಟು ದಿನ ಹಾಲನ್ನು ಇನ್ನೂ ಜಾಸ್ತಿ ಸಲ ಕುಡಿಸಿ. ಆಶಾ ಅಕ್ಕನ ಹತ್ತಿರ ಓಆರ್‌ಎಸ್ ಪೊಟ್ಟಣ ಇರುತ್ತದೆ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಅಳತೆ ತಪ್ಪಬಾರದು, ಮರುದಿನಕ್ಕೆ ಇಡಬಾರದು. ಎರಡು ತಿಂಗಳು ದಾಟಿದ ಕೂಸಿಗೆ ಪ್ರತಿ ಭೇದಿ ಆದ ಮೇಲೂ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ ನಿಧಾನಕ್ಕೆ. ಜೊತೆಗೆ ಝಿಂಕ್, ನಿಮ್ಮ ಕೂಸಿನ ವಯಸ್ಸಿಗೆ ಅರ್ಧ ಮಾತ್ರೆ, ಅಂದರೆ 10 ಮಿಲಿಗ್ರಾಂ. ಎದೆಹಾಲಲ್ಲಿ ಕರಗಿಸಿ 14 ದಿನ ಕೊಡಿ, ಭೇದಿ ನಿಂತರೂ ಬಿಡಬೇಡಿ. ಭೇದಿ ನಿಲ್ಲಿಸುವ ಔಷಧಿ ಅಂತ ಮೆಡಿಕಲ್‌ನಲ್ಲಿ ಕೊಡೋದನ್ನು ಮುಟ್ಟಬೇಡಿ.

ಆದರೆ ಕೆಲವು ಗುರುತು ಕಂಡರೆ ಈ ಉತ್ತರ ಓದುತ್ತಾ ಕೂರಬೇಡಿ. ಸಂಡಾಸದಲ್ಲಿ ರಕ್ತ, ಹಸಿರು ವಾಂತಿ, ಹೊಟ್ಟೆ ಬಿಗಿದಿರೋದು, ಕಾಲು ಹೊಟ್ಟೆಗೆ ಎಳೆದುಕೊಂಡು ಬಿಟ್ಟು ಬಿಟ್ಟು ಚೀರೋದು. ಇವು ಕರುಳೊಳಗೆ ಕರುಳು ಸೇರಿಕೊಂಡ ಲಕ್ಷಣ ಆಗಿರಬಹುದು. ರೋಟಾ ಹನಿ ಹಾಕಿದ ಮೊದಲ ವಾರದಲ್ಲಿ ತೀರಾ ಅಪರೂಪಕ್ಕೆ ಇದು ಆಗುವುದುಂಟು. ನೆತ್ತಿ ಕುಳಿ ಬೀಳೋದು, ಆರು ಗಂಟೆ ಉಚ್ಚೆ ಹೊಯ್ಯದೇ ಇರೋದು, ಎದೆಗೆ ಹಾಕಿಕೊಂಡರೂ ಕುಡಿಯದೇ ಇರೋದು, ಎಬ್ಬಿಸಿದರೂ ಏಳದೇ ಇರೋದು ಕೂಡ ಹಾಗೇ. 108ಕ್ಕೆ ಫೋನ್ ಮಾಡಿ. ರಾತ್ರಿ, ಅಮಾವಾಸ್ಯೆ ಅಂತ ನೋಡಬೇಡಿ.

ಮುಂದಿನ ಸೂಜಿ ಬಿಡಬೇಡಿ. ಮೆತ್ತಗಿನ ಭೇದಿ ಅದಕ್ಕೆ ಅಡ್ಡಿಯಲ್ಲ. ಜೋರಾಗಿದ್ದರೆ ಗುಣವಾಗುವ ತನಕ ಮುಂದಕ್ಕೆ ಹಾಕಬಹುದು, ತಡವಾಯಿತು ಅಂತ ಮೊದಲಿಂದ ಶುರು ಮಾಡಬೇಕಿಲ್ಲ. ಕರುಳು ಸೇರಿಕೊಂಡಿತ್ತು ಅಂತ ಡಾಕ್ಟರ್ ಹೇಳಿದ ಕೂಸಿಗೆ ರೋಟಾ ಮತ್ತೆ ಹಾಕಲ್ಲ. ಹದಿನಾಲ್ಕು ವಾರಕ್ಕೆ ತಾಯಿ ಕಾರ್ಡ್ ತಗೊಂಡು ಹೋಗಿ. ಹೋದ ಸಲ ಹನಿ ಹಾಕಿದ ಎಷ್ಟು ಹೊತ್ತಿಗೆ ಭೇದಿ ಶುರುವಾಯಿತು, ಎಷ್ಟು ದಿನ ಇತ್ತು ಅನ್ನೋದನ್ನು ಸಿಸ್ಟರ್ ಹನಿ ಹಾಕುವ ಮುಂಚೆಯೇ ಹೇಳಿ.