ಬನ್ನಿ ಸಾಹೇಬ್ರೇ, ಬೆಳಗಾಯ್ತಾ ತಮಗೆ?

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದ ಸ್ವಲ್ಪ ಹಳೇ ಕೇಸು, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದ್ದೀನಿ. ಸೆಕೆಂಡ್ ಪಿಯು ಹುಡುಗ, ತಾಯಿ ಕರ್ಕೊಂಡು ಬಂದಿದ್ರು. ಎರಡು ತಿಂಗಳಿಂದ ಮನೇಲಿ ಮಾತೇ ಇಲ್ಲ, ಅಪ್ಪನ ಬೈಕ್ ಸದ್ದು ಕೇಳಿದ್ರೆ ರೂಮಿನ ಬಾಗಿಲು ಹಾಕ್ಕೊಳ್ತಾನೆ ಅಂತ. ಅಪ್ಪಂದು ಸಣ್ಣ ದರ್ಶಿನಿ, ಬೆಳಗ್ಗೆ ಐದಕ್ಕೆ ಹೋದೋರು ಎಂಟಕ್ಕೆ ಸ್ನಾನ ಮಾಡೋಕೆ ಮನೆಗೆ ಬರ್ತಾರೆ, ಹುಡುಗ ಆಗಷ್ಟೇ ಎದ್ದಿರ್ತಾನೆ, ಶುರು. "ಬನ್ನಿ ಸಾಹೇಬ್ರೇ, ಬೆಳಗಾಯ್ತಾ ತಮಗೆ? ಐಎಎಸ್ ಆಫೀಸರ್ ಎದ್ರು ಕಣೇ, ಕಾಫಿ ಕೊಡು."

ಹುಡುಗ ನನ್ನ ಹತ್ರ ಜಾಸ್ತಿ ಏನೂ ಹೇಳ್ಲಿಲ್ಲ. "ಬೈದ್ರೆ ತಡ್ಕೋಬಹುದು ಮೇಡಂ, ನೀವು ತಾವು ಅಂತಾರಲ್ಲ, ಅದು ಆಗಲ್ಲ." ಮರ್ಯಾದೆಗೆ ಅಂತ ಇರೋ ಬಹುವಚನಾನ ಹೆತ್ತ ಮಗನ ಮೇಲೆ ಎಸೆದ್ರೆ ಹೇಗಿರುತ್ತೆ ಅಂತ ಕನ್ನಡದೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಅದೇ ಅಪ್ಪ ಹೋಟೆಲಲ್ಲಿ ಗಿರಾಕಿಗಳಿಗೆ ದಿನವಿಡೀ "ಬನ್ನಿ ಸಾರ್, ಬನ್ನಿ" ಅಂತಾನೇ ಇರ್ತಾರೆ, ನಿಜವಾದ ಪ್ರೀತಿಯಿಂದ. ಆರು ವರ್ಷದ ತಂಗಿ ಒಬ್ಬಳಿದಾಳೆ, ಅವಳು ಸ್ಕೂಲಲ್ಲಿ ನಮ್ಮಣ್ಣ ಐಎಎಸ್ ಅಂತ ಹೇಳ್ಕೊಂಡು ಬಂದಿದ್ಲಂತೆ. ಆ ವಯಸ್ಸಿನ ಮಕ್ಕಳು ಕೊಂಕನ್ನ ಎಷ್ಟೋ ಸಲ ನಿಜ ಅಂತಾನೇ ನಂಬಿಬಿಡ್ತಾರೆ.

ಮುಂದಿನ ಸೆಷನ್‌ಗೆ ಅಪ್ಪ ಬಂದ್ರು, ನಲವತ್ತು ನಿಮಿಷ ಲೇಟು. ಕೂತ ತಕ್ಷಣ ಹೇಳಿದ್ದು, "ಟೈಮ್ ಅನ್ನೋದೇ ಗೊತ್ತಿಲ್ಲ ಮೇಡಂ ಇವನಿಗೆ." ನಂಗೆ ನಗು ತಡೆಯೋಕಾಗ್ಲಿಲ್ಲ, ಅವರಿಗೂ ಹೊಳೀತು, ನಕ್ರು, ಪಕ್ಕದಲ್ಲಿದ್ದ ಹುಡುಗನೂ ನಕ್ಕ. ಆಮೇಲೆ ಅವರ ವಾದ ಏನಂದ್ರೆ ನಾನು ಕೈ ಎತ್ತಲ್ಲ, ಕೆಟ್ಟ ಮಾತು ಆಡಲ್ಲ, ಏನೋ ಐರನಿ ಥರ ತಮಾಷೆ ಮಾಡ್ತೀನಿ ಅಷ್ಟೆ, ಅದಕ್ಕೂ ಕೌನ್ಸೆಲಿಂಗ್ ಬೇಕಾ ಅಂತ.

ನಾನಂದೆ, ಸಾರ್, ಈಗ ಲೇಟಾಗಿ ಬಂದು ಟೈಮ್ ಬಗ್ಗೆ ಹೇಳಿದ್ರಲ್ಲ, ಅದು ಐರನಿ, ವಿಪರ್ಯಾಸ, ಅದನ್ನ ಯಾರೂ ಯಾರಿಗೂ ಮಾಡ್ಲಿಲ್ಲ, ತಾನಾಗೇ ಆಯ್ತು, ಮೂರು ಜನಾನೂ ನಕ್ವಿ. ನೀವು ಒಳಗೆ ಬಂದಾಗ ನಾನು "ಆಹಾ, ಎಷ್ಟು ಬೇಗ ಬಂದ್ರಿ ಧಣಿಗಳು" ಅಂದಿದ್ರೆ ಅದು ಸಾರ್ಕಾಸಂ, ಕೊಂಕು, ನೀವು ನಾಳೆಯಿಂದ ಬರ್ತಿರ್ಲಿಲ್ಲ. ಹೇಳೋದೊಂದು ಅರ್ಥ ಇನ್ನೊಂದು ಅನ್ನೋದು ಮಾತಿನ ಐರನೀಲೂ ಇದೆ, ಮಳೇಲಿ ನೆನೆದು ಬಂದು "ಏನ್ ಚೆನ್ನಾಗಿದೆ ಬಿಸಿಲು" ಅಂದ್ರೆ ಯಾರಿಗೆ ನೋವಾಗುತ್ತೆ? ಕೊಂಕಿಗೆ ಮಾತ್ರ ಎದುರಿಗೆ ಒಬ್ಬ ಮನುಷ್ಯ ಬೇಕೇ ಬೇಕು. ಸಾರ್ಕಾಸಂ ಪದದ ಗ್ರೀಕ್ ಮೂಲಕ್ಕೆ ಮಾಂಸ ಹರಿಯೋದು ಅಂತ ಅರ್ಥ, ನಮ್ಮೋರೂ ಸುಮ್ನೆ ಚುಚ್ಚುಮಾತು ಅಂದಿಲ್ಲ. ದಾಸರು ದೇವರನ್ನೇ ಬೈದು ಹಾಡಿದ್ರಲ್ವಾ, ನಿಂದಾಸ್ತುತಿ, ಅದು ಇದರ ಉಲ್ಟಾ, ಮೇಲೆ ಬೈಗುಳ, ಒಳಗೆ ಪ್ರೀತಿ. ನಿಮ್ಮದು ಮೇಲೆ ಹೊಗಳಿಕೆ, ಒಳಗೆ ಏನಿದೆ ಹೇಳಿ ಅಂದೆ.

ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ ಅವರಪ್ಪನ ವಿಷಯ ಬಂತು. ಬೆಲ್ಟ್ ತಗೊಂಡು ಹೊಡೀತಿದ್ರಂತೆ, ನನ್ನ ಮಕ್ಕಳಿಗೆ ಹೊಡೆಯಲ್ಲ ಅಂತ ಆವತ್ತೇ ತೀರ್ಮಾನ ಮಾಡಿದ್ರಂತೆ. ಅಂದ್ರೆ ಈ ಮನುಷ್ಯ ಬೆಲ್ಟಿನ ಜಾಗದಲ್ಲಿ ಈ ಮಾತು ಇಟ್ಕೊಂಡು ತಾನು ಮೃದು ಅಂತಾನೇ ನಂಬಿದ್ರು. "ಒಳಗೆ ಭಯ ಮೇಡಂ, ಇವನೂ ನನ್ ಥರ ತಟ್ಟೆ ಎತ್ಕೊಂಡು ಇದ್ಬಿಡ್ತಾನೇನೋ ಅಂತ." ಹುಡುಗ ಇದನ್ನ ಕೇಳಿದ್ದು ಅದೇ ಮೊದಲು.

ಸಲಹೆ ಅಂತ ಕೊಟ್ಟಿದ್ದು ದೊಡ್ಡದೇನಲ್ಲ. ಮನೇಲಿ ಎರಡು ವಾರ ಸಾಹೇಬ್ರು, ತಾವು, ಐಎಎಸ್ ಬಂದ್. ಹೇಳ್ಬೇಕಿದ್ರೆ ನೇರವಾಗಿ, "ಏಳು ಗಂಟೆಗೆ ಏಳೋ, ಪರೀಕ್ಷೆ ಹತ್ರ ಬಂತು, ನಂಗೆ ಭಯ ಆಗುತ್ತೆ." ತಮಾಷೆ ಬಿಡ್ಬೇಡಿ, ಅದು ನಿಮ್ಮ ಸ್ವಭಾವ, ಆದ್ರೆ ನಿಮ್ಮ ಮೇಲೋ ಕೆಟ್ಟ ಮಿಕ್ಸಿ ಮೇಲೋ ಮಾಡಿ. ಹುಡುಗನಿಗೆ, ಚುಚ್ಚಿದ್ರೆ ಬಾಗಿಲು ಹಾಕ್ಕೊಳ್ಳೋ ಬದಲು "ಅಪ್ಪಾ ಇದು ಬೇಡ" ಅನ್ನು, ಅಷ್ಟೇ. ಅವನಿಗೆ ಇದೇ ಕಷ್ಟ ಆಯ್ತು, ಮೊದಲ ವಾರ ಒಂದು ಸಲಾನೂ ಹೇಳ್ಲಿಲ್ಲ.

ನಾಲ್ಕನೇ ಸೆಷನ್‌ನಲ್ಲಿ ಹುಡುಗನೇ ವರದಿ ಕೊಟ್ಟ. "ಇನ್ನೂ ಬಾಯಿಗೆ ಬರುತ್ತೆ ಮೇಡಂ. ಮೊನ್ನೆ 'ಬನ್ನಿ ಸಾ' ಅಂದ್ರು, ನಿಲ್ಲಿಸಿದ್ರು, ಆಮೇಲೆ 'ಬಾರೋ, ಇಡ್ಲಿ ತಂದಿದ್ದೀನಿ' ಅಂದ್ರು." ಎದ್ದಿದ್ದು ಎಷ್ಟೊತ್ತಿಗೆ ಅಂತ ಕೇಳ್ದೆ. ಎಂಟಕ್ಕೇ ಅಂತೆ.