ನ್ಯಾನೋ ಪುಡಿ ಹಾಕಿದ ಜಿಂಕ್ ಬ್ಯಾಟರಿ ಬೇಗ ಸೋಲೋದು ಯಾಕೆ?

ಹಾವೇರಿಯಿಂದ ನೀವು ಕೇಳಿದ್ದು ಇಷ್ಟು: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನೀರಿನ ದ್ರಾವಣ ಬಳಸುವ ಜಿಂಕ್-ಅಯಾನ್ ಸೆಲ್ ಮಾಡಿದ್ದೀರಿ, ಅದರ ಕ್ಯಾಥೋಡಿನ (ಧನ ತುದಿಯ) ಮ್ಯಾಂಗನೀಸ್ ಡೈಆಕ್ಸೈಡನ್ನು ನ್ಯಾನೋ ಪುಡಿ ಮಾಡಿದ ಮೇಲೆ ಕೆಪ್ಯಾಸಿಟಿ (ಹಿಡಿಯುವ ಚಾರ್ಜ್) ಜಾಸ್ತಿ ಬಂತು, ಆದರೆ ಕೆಲವೇ ಸೈಕಲ್‌ಗೆ, ಅಂದರೆ ಕೆಲವೇ ಸಲ ಚಾರ್ಜ್-ಡಿಸ್‌ಚಾರ್ಜ್ ಮಾಡುವಷ್ಟರಲ್ಲಿ, ಇಳಿದುಹೋಯಿತು.

ಧಾರವಾಡದಲ್ಲಿ ಓದುವಾಗ ನನಗೂ ಇದೇ ಆಗಿತ್ತು. ಬೈಂಡರ್ (ಪುಡಿಯನ್ನು ಹಿಡಿದಿಡುವ ಅಂಟು) ಸರಿಯಿಲ್ಲ ಅಂತ ಎರಡು ತಿಂಗಳು ಕೋಟಿಂಗ್ ಮಾಡಿದ್ದನ್ನೇ ಮಾಡಿದೆ. ತಪ್ಪು ಅಲ್ಲಿರಲಿಲ್ಲ.

ಬೆಲ್ಲದ ಪೆಂಟಿಯನ್ನು ಹಾಗೇ ನೀರಿಗೆ ಹಾಕಿ, ಇನ್ನೊಂದನ್ನು ಕುಟ್ಟಿ ಹಾಕಿ. ಕುಟ್ಟಿದ್ದು ಬೇಗ ಕರಗುತ್ತೆ ಅಲ್ವಾ? ಜಿಂಕ್ ಅಯಾನಿಗೆ ಎರಡು ಚಾರ್ಜ್, ಹಾಗಾಗಿ ಆಕ್ಸೈಡ್ ಒಳಗೆ ಅದು ತೆವಳಿಕೊಂಡೇ ಹೋಗಬೇಕು. ಕಣ 1 ಮೈಕ್ರಾನ್‌ನಿಂದ 100 ನ್ಯಾನೋಮೀಟರ್‌ಗೆ ಇಳಿದರೆ ದಾರಿ ಹತ್ತು ಪಟ್ಟು ಕಡಿಮೆ, ಹಿಡಿಯುವ ಹೊತ್ತು ಸುಮಾರು ನೂರು ಪಟ್ಟು ಕಡಿಮೆ. ಲಾಭ ಇದು. ಆದರೆ ಕುಟ್ಟಿದ ಬೆಲ್ಲದ ಹಾಗೆ ನೀರಿಗೆ ತಾಗುವ ಮೈಯೂ ಹತ್ತು ಪಟ್ಟು ಹೆಚ್ಚಾಯಿತು. ಡಿಸ್‌ಚಾರ್ಜ್ ಆಗುವಾಗ ಹುಟ್ಟುವ ಮೂರು ಚಾರ್ಜಿನ ಮ್ಯಾಂಗನೀಸ್ ನಿಲ್ಲುವುದಿಲ್ಲ. ಒಂದು ಪಾಲು ನಾಲ್ಕಕ್ಕೆ ಏರುತ್ತೆ, ಇನ್ನೊಂದು ಪಾಲು ಎರಡಕ್ಕೆ ಇಳಿದು ನೀರಲ್ಲಿ ಕರಗುತ್ತೆ. ಕರಗಿದ್ದಕ್ಕೆ ಬಣ್ಣ ಇಲ್ಲವೇ ಇಲ್ಲ ಅನ್ನಬಹುದು. ಸೆಲ್ ಬಿಚ್ಚಿ ನೋಡಿದರೆ ನೀರು ತಿಳಿಯಾಗೇ ಇರುತ್ತೆ. ನಾನು ಮೋಸ ಹೋಗಿದ್ದು ಅಲ್ಲೇ.

ನಿಮ್ಮ ಎಲೆಕ್ಟ್ರೊಲೈಟ್ (ಸೆಲ್ ಒಳಗಿನ ಉಪ್ಪಿನ ನೀರು) ಜಿಂಕ್ ಸಲ್ಫೇಟ್ ತಾನೆ? ಗೋವಿನಜೋಳಕ್ಕೆ ಅಂತ ಗೊಬ್ಬರದ ಅಂಗಡಿಯಲ್ಲಿ ಕೊಡುತ್ತಾರಲ್ಲ, ಅದೇ ಉಪ್ಪು. (ಸುಮ್ನೆ ಹೇಳಿದೆ, ಪ್ರಯೋಗಕ್ಕೆ ಅದನ್ನು ತರಬೇಡಿ!) 2 ಮೋಲಾರ್ ಜಿಂಕ್ ಸಲ್ಫೇಟ್‌ಗೆ 0.1 ಮೋಲಾರ್ ಮ್ಯಾಂಗನೀಸ್ ಸಲ್ಫೇಟ್ ಸೇರಿಸಿ. ನೀರಲ್ಲಿ ಮೊದಲೇ ಮ್ಯಾಂಗನೀಸ್ ಇದ್ದರೆ ಕ್ಯಾಥೋಡಿನದು ಕರಗುವುದು ಕಡಿಮೆಯಾಗುತ್ತೆ.

ಇಲ್ಲೊಂದು ಕಿತಾಪತಿ ಇದೆ. ಹಾಗೆ ಸೇರಿಸಿದ ಮ್ಯಾಂಗನೀಸ್ ಚಾರ್ಜ್ ಆಗುವಾಗ ಕ್ಯಾಥೋಡ್ ಮೇಲೆ ಆಕ್ಸೈಡ್ ಆಗಿ ಕೂರುತ್ತೆ, ಕೆಪ್ಯಾಸಿಟಿ ಸುಳ್ಳೇ ಏರಿದಂತೆ ಕಾಣುತ್ತೆ. ಒಂದು ಮ್ಯಾಂಗನೀಸ್‌ಗೆ ಒಂದು ಎಲೆಕ್ಟ್ರಾನ್ ಲೆಕ್ಕದಲ್ಲಿ ಈ ಆಕ್ಸೈಡ್‌ಗೆ ಗ್ರಾಂಗೆ 308 ಮಿಲಿಆಂಪಿಯರ್-ಗಂಟೆ ಮಿತಿ. ಅದನ್ನು ದಾಟಿದರೆ ಕುಣಿಯಬೇಡಿ. ಬರೀ ಕಾರ್ಬನ್ ಬಳಿದ ಒಂದು ಸೆಲ್ ಮಾಡಿ, ಅದೇ ನೀರಲ್ಲಿ ಓಡಿಸಿ, ಎಷ್ಟು ಬರುತ್ತೆ ನೋಡಿ; ಅದು ನಿಮ್ಮ ಪುಡಿಯದ್ದಲ್ಲ.

ಕ್ಯಾಥೋಡಿಗೆ ಮ್ಯಾಂಗನೀಸ್ ಬಿಟ್ಟು ವೆನೇಡಿಯಂ ಆಕ್ಸೈಡ್‌ಗೆ ಹೋಗಲಾ ಅಂತಲೂ ಕೇಳಿದ್ದೀರಿ. ಕೆಪ್ಯಾಸಿಟಿ ಚೆನ್ನಾಗಿದೆ, ಆದರೆ ವೋಲ್ಟೇಜ್ 0.8 ವೋಲ್ಟ್ ಆಸುಪಾಸು, ಮ್ಯಾಂಗನೀಸ್ ಸುಮಾರು 1.3 ವೋಲ್ಟ್ ಕೊಡುತ್ತೆ. ನಾನಾದರೆ ಮ್ಯಾಂಗನೀಸ್ ಬಿಡಲ್ಲ. ನ್ಯಾನೋ ಕಡ್ಡಿಗಳು ಮೈಕ್ರಾನ್ ಗಾತ್ರದ ಉಂಡೆಯಾಗಿ ಕೂಡಿಕೊಳ್ಳುವಂತೆ ಮಾಡಿ, ಮೇಲೆ ತೆಳ್ಳಗೆ ಕಾರ್ಬನ್ ಹೊದಿಸುತ್ತೇನೆ; ಆಗ ನೀರಿಗೆ ತಾಗುವ ಮೈ ಕಡಿಮೆಯಾಗುತ್ತೆ.

ಆಮೇಲೆ, ಸೈಕಲ್ ಟೆಸ್ಟನ್ನು ಕಡಿಮೆ ಕರೆಂಟಿನಲ್ಲೂ ಮಾಡಿ. ಜಾಸ್ತಿ ಕರೆಂಟಿನಲ್ಲಿ ಸೈಕಲ್ ಬೇಗ ಮುಗಿಯುತ್ತೆ, ಕರಗೋಕೆ ಪುರಸೊತ್ತೇ ಇರಲ್ಲ. ಗ್ರಾಫ್ ಚೆಂದ ಬರುತ್ತೆ, ಅಷ್ಟೇ.