ಚಿಂತೆ ಜೀನಿಗೂ ಹತ್ತುತ್ತಾ?

ಪ್ರಶ್ನೆ: ಡಾಕ್ಟ್ರೇ, ಮಂಡಕ್ಕಿ ಭಟ್ಟಿಯ ಸಾಲ ಜಾಸ್ತಿಯಾದ ಮೇಲೆ ನಮ್ಮ ಯಜಮಾನ್ರು ಮಂಕಾಗಿದ್ದಾರೆ. ಮಾತ್ರೆ ಶುರುವಾಗಿ ಹತ್ತು ದಿನ. ಚಿಂತೆ ಜೀನನ್ನೇ ಬದಲಿಸುತ್ತೆ ಅಂತಾರೆ. ಮಗಳಿಗೂ ಬರುತ್ತಾ?
– ಓದುಗರು, ದಾವಣಗೆರೆ

ಉತ್ತರ: ತಾಯಿ, ಇಲ್ಲಿ ಕಾಟನ್ ಮಿಲ್ ಮುಚ್ಚಿದಾಗ ನಮ್ಮಪ್ಪನೂ ಹೀಗೇ ಗೋಡೆ ನೋಡುತ್ತಾ ಕೂರುತ್ತಿದ್ದರು. ಮುಂದಿಟ್ಟ ಚಹಾ ಆರಿ ಕೆನೆ ಕಟ್ಟುತ್ತಿತ್ತು.

ಚಿಂತೆಯಿಂದ ಜೀನಿನ, ಅಂದರೆ ವಂಶವಾಹಿಯ, ಬರಹ ಬದಲಾಗುವುದಿಲ್ಲ. ನಿಮ್ಮ ಭಟ್ಟಿಯನ್ನೇ ನೋಡಿ. ಅಕ್ಕಿ ಅದೇ. ಉರಿ ಹೆಚ್ಚಾದರೆ ಸೀಯುತ್ತದೆ, ಕಡಿಮೆಯಾದರೆ ಅರಳುವುದಿಲ್ಲ, ಅಲ್ವಾ? ಜೀನಿಗೂ ಅಂಥ ಉರಿಯಿದೆ. ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಅಂಟಿದರೆ ಅದರ ಕೆಲಸ ಸಾಮಾನ್ಯವಾಗಿ ತಗ್ಗುತ್ತದೆ.

2004ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಇದನ್ನು ಇಲಿಗಳಲ್ಲಿ ಕಂಡರು. ತಾಯಿ ಹೆಚ್ಚು ನೆಕ್ಕದ ಮರಿಗಳ ಮೆದುಳಿನಲ್ಲಿ, ಒತ್ತಡದ ಹಾರ್ಮೋನಿಗೆ ಕಡಿವಾಣ ಹಾಕುವ ಜೀನಿಗೆ ಈ ಅಂಟು ಜಾಸ್ತಿ. ಅಂಥ ತಾಯಿಯ ಮರಿಯನ್ನು ಹುಟ್ಟಿದ ಕೂಡಲೇ ಅಕ್ಕರೆಯ ತಾಯಿಯ ಮಡಿಲಿಗೆ ಹಾಕಿದರೆ ಅಂಟು ಕಡಿಮೆ! ನನಗೆ ಧೈರ್ಯ ಕೊಟ್ಟದ್ದು ಈ ಎರಡನೇ ಮಾತು.

ಮಗಳಿಗೆ ಬಂದೇ ಬರುತ್ತದೆ ಅಂತೇನಿಲ್ಲ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ನೀವಾಗಿ ನಿಲ್ಲಿಸಬೇಡಿ. ಸಾಯುವ ಮಾತಾಡಿದರೆ ಅವರನ್ನು ಒಬ್ಬರೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ನಡುರಾತ್ರಿಯಾದರೂ ಸರಿ.